ಗರ್ಭಕೋಶದ ಗಡ್ಡೆಗೆ ಕೋಡ್: ಐಸಿಡಿ-10, ಫಿಗೋ, ಐಸಿಡಿ-11

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳನ್ನು ಬೆಂಗಳೂರಿನಲ್ಲಿ ಕೂತು ಕೋಡ್ ಮಾಡುವವರಿಗೆ, ಅಂದರೆ ಅದರಲ್ಲಿರುವ ಕಾಯಿಲೆಗೆ ಸರಿಯಾದ ಕೋಡ್ ಹಾಕುವವರಿಗೆ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ) ದಿನಾ ಎದುರಾಗುತ್ತದೆ. ಬಿಲ್ಲಿಗೆ ಬೇಕಾದದ್ದು ಐಸಿಡಿ-10-ಸಿಎಂ, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ ಐಸಿಡಿಯ ಹತ್ತನೇ ಆವೃತ್ತಿಯ ಅಮೆರಿಕನ್ ರೂಪ. ಅದೇ ಬಗೆಯ ರಿಪೋರ್ಟ್‌ಗಳನ್ನು ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ವಿಂಗಡಣೆ) ಮತ್ತು ಹೊಸ ಆವೃತ್ತಿ ಐಸಿಡಿ-11ಕ್ಕೂ ಹಾಕಿ ನೋಡಿದೆ.

ಐಸಿಡಿ-10 ಕೇಳುವುದು ಒಂದೇ: ಗಡ್ಡೆ ಎಲ್ಲಿದೆ? ಗರ್ಭಕೋಶದ ಒಳಗಿನ ಟೊಳ್ಳಿನ ಕಡೆ ಉಬ್ಬಿದ್ದರೆ ಡಿ25.0, ಸ್ನಾಯುವಿನ ಗೋಡೆಯೊಳಗೇ ಇದ್ದರೆ ಡಿ25.1, ಹೊರಮೈಯಲ್ಲಿದ್ದರೆ ಡಿ25.2. ಎರಡು ಜಾಗದಲ್ಲಿ ಗಡ್ಡೆಗಳಿದ್ದರೆ ಎರಡೂ ಕೋಡ್. ಡಾಕ್ಟರ್ ಬರೀ ‘ಫೈಬ್ರಾಯ್ಡ್’ ಎಂದು ಗೀಚಿದ್ದರೆ ಡಿ25.9. ಹಳೆಯ ಐಸಿಡಿ-9ರ 218ರಲ್ಲೂ ಇದೇ ವಿಂಗಡಣೆ ಇತ್ತು. ಹಾಗಾಗಿ 2015ರ ಅಕ್ಟೋಬರ್‌ನಲ್ಲಿ ಅಮೆರಿಕ ಐಸಿಡಿ-10ಕ್ಕೆ ಹೋದಾಗಲೂ ಇಲ್ಲಿ ಹೊಸತೇನೂ ಇರಲಿಲ್ಲ.

ಮಾಹಿತಿಯ ಲೆಕ್ಕದಲ್ಲಿ ನನ್ನ ಓಟು 2011ರ ಫಿಗೋಗೆ. ಅದರಲ್ಲಿ 0ಯಿಂದ 8ರವರೆಗೆ ಟೈಪ್‌ಗಳಿವೆ. ಟೊಳ್ಳಿನಲ್ಲಿ ತೊಟ್ಟಿನಿಂದ ನೇತಾಡುವುದು 0. ಅರ್ಧಕ್ಕಿಂತ ಕಡಿಮೆ ಭಾಗ ಗೋಡೆಯಲ್ಲಿದ್ದರೆ 1, ಅರ್ಧ ಅಥವಾ ಜಾಸ್ತಿ ಇದ್ದರೆ 2. ಗರ್ಭಕೋಶದೊಳಗೆ ಹಾಕುವ ಕ್ಯಾಮೆರಾ ಕೊಳವೆ ಹಿಸ್ಟೆರೋಸ್ಕೋಪ್‌ನಿಂದ 0 ತೆಗೆಯುವುದಕ್ಕೂ 2 ತೆಗೆಯುವುದಕ್ಕೂ ಅಜಗಜಾಂತರ. ಡಿ25.0 ಮಾತ್ರ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ! ಕಾಡುವುದು ಟೈಪ್ 3. ಇಡೀ ಗಡ್ಡೆ ಗೋಡೆಯೊಳಗಿದೆ, ಆದರೆ ಒಳಪದರಕ್ಕೆ ತಾಗಿದೆ. ‘ತಾಗಿದೆ’ ಎಂದು ಓದಿದ ಕೂಡಲೇ ಕೈ ಡಿ25.0 ಕಡೆಗೆ ಹೋಗುತ್ತದೆ. ನನ್ನ ಪ್ರಕಾರ ಅದು ಡಿ25.1, ಒಳಕ್ಕೆ ಉಬ್ಬಿಲ್ಲವಲ್ಲ. ‘2-5’ ಎಂದಿದ್ದರೆ ಗಡ್ಡೆ ಒಳಗೂ ಹೊರಗೂ ಚಾಚಿದೆ ಎಂದರ್ಥ. ಅಲ್ಲಿ ಊಹೆ ಬೇಡ, ಡಾಕ್ಟರಿಗೆ ಕ್ವೆರಿ ಕಳಿಸುವುದೇ ವಾಸಿ. ಏನೇ ಆದರೂ ಫಿಗೋ ನಂಬರನ್ನು ಕ್ಲೇಮ್‌ನಲ್ಲಿ ಡಯಾಗ್ನೋಸಿಸ್ ಕೋಡಾಗಿ ಹಾಕುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಹುಡುಕಲು ಸಲೀಸು. ಆದರೆ ಗರ್ಭಕೋಶದ ಫೈಬ್ರಾಯ್ಡ್‌ಗೆ ಸಿಗುವ ಮುಖ್ಯ ಕೋಡ್ 2ಇ86.0 ಒಂದೇ. ಜಾಗದ ಸುದ್ದಿ ಅದರಲ್ಲಿಲ್ಲ. ದಿನಾ ರಾಶಿ ಚಾರ್ಟ್ ಮುಗಿಸುವವರಿಗೆ ಇದು ಹಿಂದಕ್ಕೆ ಹೋದಂತೆಯೇ, ಅಲ್ವಾ?

ಗರ್ಭಕೋಶದ ಒಳಪದರ ಸ್ನಾಯುವಿನ ಗೋಡೆಯೊಳಗೆ ಬೆಳೆಯುವ ಅಡಿನೋಮಯೋಸಿಸ್‌ಗೆ ಮಾತ್ರ ಐಸಿಡಿ-11 ನನಗೆ ಇಷ್ಟವಾಯಿತು. ಅಲ್ಲಿ ಅದಕ್ಕೆ ಜಿಎ11 ಎಂಬ ಸ್ವಂತ ಮನೆ ಇದೆ. ಐಸಿಡಿ-10-ಸಿಎಂನಲ್ಲಿ ಅದು ಈಗಲೂ ಎಂಡೋಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವ ಕಾಯಿಲೆ) ಗುಂಪಿನಲ್ಲೇ ಇದೆ, 2022ರ ಅಕ್ಟೋಬರ್‌ನಿಂದ ಎನ್80.03 ಎಂದು. ಮಾಮೂಲಿ ಎಂಡೋಮೆಟ್ರಿಯಲ್ ಪಾಲಿಪ್ (ಒಳಪದರದಿಂದ ಚಾಚುವ ಬೆಳವಣಿಗೆ) ಐಸಿಡಿ-10-ಸಿಎಂನಲ್ಲಿ ಎನ್84.0, ಅದನ್ನು ಗರ್ಭಕೋಶದ ಇತರ ಕ್ಯಾನ್ಸರ್ ಅಲ್ಲದ ಗಡ್ಡೆಗಳ ಡಿ26ಕ್ಕೆ ತಳ್ಳಬೇಡಿ.