ಗಿಳಿ, ಕ್ರಾಸ್‌ಬ್ಯಾಂಡ್, ಕ್ಯಾವಿಟಿ: ಒಂದೇ ಗುಡ್ಡ, ಮೂರು ರಿಪೀಟರ್

ಕೊಪ್ಪದ ಸುತ್ತಮುತ್ತ ನಾವು ಏಳೆಂಟು ಜನ ಹ್ಯಾಮ್‌ಗಳಿದ್ದೇವೆ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು. ಎಲ್ಲರ ಕೈಯಲ್ಲೂ 5 ವಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ). ಆದರೆ ನಡುವೆ ಗುಡ್ಡ, ಕಾಫಿ ತೋಟ, ಮತ್ತೆ ಗುಡ್ಡ. ಮೂರು ಕಿಲೋಮೀಟರ್ ಆಚೆಯವನಿಗೆ ಫೋನ್ ಮಾಡಿ "ರೇಡಿಯೊ ಹಾಕು ಮಾರಾಯ" ಅನ್ನೋದು, ಆಮೇಲೂ ಏನೂ ಕೇಳದೆ ಫೋನಿನಲ್ಲೇ ಮಾತು ಮುಗಿಸೋದು. ಕೊನೆಗೆ ಒಬ್ಬರ ತೋಟದ ಗುಡ್ಡದ ನೆತ್ತಿ ಸಿಕ್ಕಿತು. ರೇಡಿಯೊ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ಅನುಮತಿಯ ಕಾಗದ ಓಡಾಟದ್ದೇ ಒಂದು ಕಥೆ, ಅದು ಇಲ್ಲಿ ಬೇಡ. ಮೂರು ವರ್ಷದಲ್ಲಿ ಅಲ್ಲಿ ಮೂರು ಬಗೆಯ ರಿಪೀಟರ್, ಅಂದರೆ ನಮ್ಮ ಸಣ್ಣ ಸಿಗ್ನಲ್ ಹಿಡಿದು ಎತ್ತರದಿಂದ ಮತ್ತೆ ಕಳಿಸುವ ರೇಡಿಯೊ, ಇಟ್ಟು ನೋಡಿದೆವು.

ಮೊದಲು ಇಟ್ಟಿದ್ದು ಪ್ಯಾರಟ್. ನಮ್ಮ ಬಾಯಲ್ಲಿ ಗಿಳಿ. ಒಂದು ಹ್ಯಾಂಡಿ, ಅದಕ್ಕೆ ಸಿಕ್ಕಿಸಿದ ಪುಟ್ಟ ಡಬ್ಬ, ಅಡಿಕೆ ಮರದ ಕಂಬದ ಮೇಲೆ ತಾಮ್ರದ ಪೈಪಿನ ಜೆ-ಪೋಲ್ ಆಂಟೆನಾ. ಅಷ್ಟೇ. ನೀವು ಮಾತಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ಪಿಟಿಟಿ (ಮಾತಾಡುವಾಗ ಒತ್ತುವ ಬಟನ್) ಬಿಟ್ಟ ಮೇಲೆ ಅದೇ ಫ್ರೀಕ್ವೆನ್ಸಿಯಲ್ಲಿ ವಾಪಸ್ ಹೇಳುತ್ತದೆ. ಖರ್ಚು ತೀರಾ ಕಮ್ಮಿ. ಸ್ಕೂಟರ್ ಬ್ಯಾಟರಿಯಷ್ಟು ಚಿಕ್ಕ ಬ್ಯಾಟರಿ ಸಾಕು. ನಿಮ್ಮ ದನಿ ನಿಮಗೇ ಕೇಳುವುದರಿಂದ ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದಿದ್ದೀರಾ ಅಂತಲೂ ಗೊತ್ತಾಗುತ್ತದೆ. ಆದರೆ ಪ್ರತಿ ಮಾತನ್ನೂ ಎರಡೆರಡು ಸಲ ಕೇಳಬೇಕಲ್ಲ! ಭಾನುವಾರದ ನೆಟ್ (ಎಲ್ಲರೂ ರೇಡಿಯೊದಲ್ಲಿ ಸೇರಿ ಮಾತಾಡೋದು) ಅರ್ಧ ಗಂಟೆಯದ್ದು ಒಂದು ಗಂಟೆ ಹಿಡಿಯುತ್ತಿತ್ತು. ನಮ್ಮಲ್ಲೊಬ್ಬ ಹಿರಿಯರು ಗಿಳಿ ಮಾತಾಡುತ್ತಿರುವಾಗಲೇ ಉತ್ತರ ಕೊಡುತ್ತಿದ್ದರು. ಆ ಹೊತ್ತಿಗೆ ಗಿಳಿಗೆ ಕಿವಿ ಇರುವುದಿಲ್ಲ. ಅವರ ಕಾಲ್‌ಸೈನ್ (ರೇಡಿಯೊದಲ್ಲಿನ ಗುರುತಿನ ಹೆಸರು) ಅರ್ಧ ಕೇಳಿದ್ದೇ ಜಾಸ್ತಿ.

ಎರಡನೆಯದು ಕ್ರಾಸ್‌ಬ್ಯಾಂಡ್. ಎರಡು ಬ್ಯಾಂಡಿನ, ಕಾರಿನಲ್ಲಿ ಇಡುವಂಥ ಒಂದೇ ಮೊಬೈಲ್ ರೇಡಿಯೊ ಸೆಟ್. ಯುಎಚ್‌ಎಫ್‌ನಲ್ಲಿ (ಮೇಲಿನ ಫ್ರೀಕ್ವೆನ್ಸಿ) ಕೇಳಿ, ಅದೇ ಕ್ಷಣ ವಿಎಚ್‌ಎಫ್‌ನಲ್ಲಿ (ಕೆಳಗಿನದು) ಕಳಿಸುತ್ತದೆ. ನಾವು ಎಲ್ಲರಿಗೂ ನೆನಪಿರಲಿ ಅಂತ 435.000 ಮೆಗಾಹರ್ಟ್ಸ್‌ಗೆ ಕೇಳಿಸಿ, 145.000ಕ್ಕೆ ಬಿಟ್ಟೆವು. ಕೀ ಒತ್ತಿದ್ದೇ ತಡ, ಸೆಟ್ ಕೂತಲ್ಲೇ ಕೂತಿತು! ಟ್ರಾನ್ಸ್‌ಮಿಟ್ ಬಿಡಲೇ ಇಲ್ಲ. ಫ್ಯಾನ್ ಕಿರುಚುತ್ತಿದೆ, ಹೀಟ್‌ಸಿಂಕ್ ಮುಟ್ಟೋ ಹಾಗಿಲ್ಲ. ಸೆಟ್ ಕೆಟ್ಟಿದೆ ಅಂತಲೇ ಕೆಳಗೆ ಹೊತ್ತು ತಂದೆವು. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: 145ನ್ನು ಮೂರರಿಂದ ಗುಣಿಸಿದರೆ ಎಷ್ಟು? ನಮ್ಮ ವಿಎಚ್‌ಎಫ್ ಸಿಗ್ನಲ್‌ನ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಜೊತೆಗೇ ಹೊರಡುವ ಸಣ್ಣ ಸಿಗ್ನಲ್) ನೆಟ್ಟಗೆ ನಮ್ಮದೇ ಯುಎಚ್‌ಎಫ್ ರಿಸೀವರಿಗೆ ಬೀಳುತ್ತಿತ್ತು. ತನ್ನ ದನಿ ತಾನೇ ಕೇಳಿ ತಾನೇ ಕೂಗುತ್ತಿತ್ತು. ನಮ್ಮಲ್ಲಿ ಹ್ಯಾಮ್‌ಗಳಿಗೆ ಸಿಗೋದು 144ರಿಂದ 146 ಮತ್ತು 434ರಿಂದ 438, ಹಾಗಾಗಿ ಈ ಗುಂಡಿಗೆ ಬೀಳೋದು ಬಹಳ ಸುಲಭ. ಕೇಳುವುದನ್ನು 434.500ಕ್ಕೆ ಇಳಿಸಿ, ಟೋನ್ (ಅದು ಕೇಳಿದರೆ ಮಾತ್ರ ರಿಪೀಟರ್ ಎಚ್ಚರಾಗುವ ಸ್ವರ) ಹಾಕಿದ ಮೇಲೆ ಸರಿಹೋಯಿತು. 435ರ ಮೇಲೆ ಸ್ಯಾಟಲೈಟ್‌ಗಳೂ ಇರುವುದರಿಂದ ಅಲ್ಲಿಂದ ಕೆಳಗೆ ಬಂದಿದ್ದೇ ಒಳ್ಳೆಯದಾಯಿತು.

ಆರು ತಿಂಗಳು ಚೆನ್ನಾಗೇ ಇತ್ತು. ಮಳೆಗಾಲ ಬಂತು. ಒದ್ದೆ ಎಲೆಗಳ ನಡುವೆ ಯುಎಚ್‌ಎಫ್ ಸೊರಗುತ್ತದೆ. ರಿಪೀಟರ್ ಹೇಳಿದ್ದು ಎಲ್ಲರಿಗೂ 5-9 (ಸ್ಪಷ್ಟ, ಜೋರು), ಆದರೆ ತೋಟದೊಳಗಿನ ಮನೆಯವರ ದನಿ ರಿಪೀಟರಿಗೆ ಮುಟ್ಟುತ್ತಲೇ ಇರಲಿಲ್ಲ. ಒಂದು ಕಡೆಯ ಮಾತು ಕೇಳಿಸಿಕೊಂಡು ಸುಮ್ನೆ ಕೂರೋದು ಬೇಜಾರು, ಅಲ್ವಾ?

ಹಾಗಾಗಿ ಮೂರನೆಯದು. ಸರಿಯಾದ 2 ಮೀಟರ್ (ಅದೇ 144ರಿಂದ 146ರ ಬ್ಯಾಂಡ್) ರಿಪೀಟರ್, ಕೇಳುವುದಕ್ಕೂ ಕಳಿಸುವುದಕ್ಕೂ ನಡುವೆ ಬರೀ 600 ಕಿಲೋಹರ್ಟ್ಸ್. ಕಷ್ಟ ಇರೋದೇ ಇಲ್ಲಿ. ಒಂದು ಸೆಟ್ 25 ವಾಟ್ ಉಗುಳುವಾಗ ಪಕ್ಕದ ಸೆಟ್ ಮೈಕ್ರೊವೋಲ್ಟಿನ ಕಾಲುಭಾಗದ ಸಿಗ್ನಲ್ ಹಿಡಿಯಬೇಕು. ಕಿವಿಯ ಪಕ್ಕ ಚಂಡೆ ಬಾರಿಸುತ್ತಾ ಪಿಸುಮಾತು ಕೇಳಿಸಿಕೊಳ್ಳೋ ಹಾಗೆ. ಎರಡರ ನಡುವೆ ಸುಮಾರು 80 ಡೆಸಿಬೆಲ್ ತಡೆ ಬೇಕು. ಎರಡು ಆಂಟೆನಾಗಳನ್ನು 6 ಮೀಟರ್ ಮೇಲೆ-ಕೆಳಗೆ ಕಟ್ಟಿದೆವು. ಲೆಕ್ಕ ಹಾಕಿದರೆ ಅದರಿಂದ ಸಿಗೋದು 50ಕ್ಕಿಂತ ಕಮ್ಮಿ. ಆನ್‌ಲೈನಿನಲ್ಲಿ ಒಂದು ಸಣ್ಣ ಡ್ಯುಪ್ಲೆಕ್ಸರ್ (ಕೇಳುವ, ಕಳಿಸುವ ಸಿಗ್ನಲ್ ಬೇರ್ಪಡಿಸುವ ಫಿಲ್ಟರ್) ತರಿಸಿದೆವು. ಅದು 5 ಮೆಗಾಹರ್ಟ್ಸ್ ಅಂತರಕ್ಕೆ ಮಾಡಿದ್ದು, ನಮ್ಮ 600ಕ್ಕೆ ಏನೂ ಉಪಯೋಗ ಇಲ್ಲ. ದುಡ್ಡು ದಂಡ.

ಕೊನೆಗೆ ಶಿವಮೊಗ್ಗದ ಲೇತ್ ಶೆಡ್ಡಿನಲ್ಲಿ ಆರು ಕ್ಯಾವಿಟಿ (ಬೇಕಾದ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡುವ ಲೋಹದ ಡಬ್ಬದಂಥ ಫಿಲ್ಟರ್) ಮಾಡಿಸಿದೆವು. ಒಂದೊಂದೂ ಡೇರಿಯ ಹಾಲಿನ ಕ್ಯಾನಿನಷ್ಟು ಎತ್ತರ. ಹೊತ್ತುಕೊಂಡು ಹತ್ತಿದ್ದನ್ನು ನೋಡಿ ತೋಟದ ಆಳು "ಮೇಲೆ ಎಂತ, ಡೇರಿ ಮಾಡ್ತೀರಾ?" ಅಂದ. ಟ್ಯೂನ್ ಮಾಡಲು ಎರಡು ದಿನ. ಒಬ್ಬ ದೂರ ನಿಂತು ಕಷ್ಟಪಟ್ಟು ಕೇಳುವಷ್ಟು ಸಣ್ಣ ಸಿಗ್ನಲ್ ಕೊಡಬೇಕು. ಇತ್ತ ಟ್ರಾನ್ಸ್‌ಮಿಟರ್ ಆನ್ ಮಾಡಿದಾಗ ಆ ದನಿಯ ಹಿಂದೆ ಸುಯ್ ಅನ್ನೋ ಸದ್ದು ಏರಿತೋ, ರಿಸೀವರ್ ಕಿವುಡಾಯಿತು ಅಂತ ಅರ್ಥ. ನಮ್ಮದು ಏರುತ್ತಲೇ ಇತ್ತು. ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯಿತು. ಆಮೇಲೆ ನೋಡಿದರೆ ಕ್ಯಾವಿಟಿಗಳು ಸರಿಯೇ ಇದ್ದವು, ಅವುಗಳ ನಡುವಿನ ಮಾಮೂಲಿ ಆರ್‌ಜಿ-58 ಕೇಬಲ್ ಸೋರುತ್ತಿತ್ತು! ಡಬಲ್ ಶೀಲ್ಡಿನ ಆರ್‌ಜಿ-400 ಹಾಕಿದೆವು. ಸುಯ್ ನಿಂತಿತು. ಅವತ್ತು ಸಂಜೆ ಶೃಂಗೇರಿ ಕಡೆಯಿಂದ ಬಸ್ಸಿನೊಳಗೆ ಕೂತ ಒಬ್ಬ ಹ್ಯಾಂಡಿಯಲ್ಲೇ ಮಾತಾಡಿದ. ನಾವು ಮೂವರೂ ಗುಡ್ಡದ ಮೇಲೆ ಕುಣಿದಿದ್ದೊಂದು ಬಾಕಿ.

ಇದರ ಹೊಟ್ಟೆ ಮಾತ್ರ ದೊಡ್ಡದು. ಕಳಿಸುವಾಗ 6 ಆಂಪಿಯರ್ ಎಳೆಯುತ್ತದೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲಿಲ್ಲದಾಗ ನೆಟ್‌ನಲ್ಲಿ ಅಡಿಕೆ ರೇಟಿನ ಮಾತು ಶುರುವಾದರೆ ಸೋಲಾರ್ ಬ್ಯಾಟರಿ ಕಥೆ ಮುಗಿದಂತೆ. ಅದಕ್ಕೇ ಮಳೆಗಾಲದಲ್ಲಿ ಪವರ್ 10 ವಾಟಿಗೆ ಇಳಿಸುತ್ತೇವೆ. ಕೇಳುವವರಿಗೆ ಅಂಥಾ ವ್ಯತ್ಯಾಸವೇನೂ ಗೊತ್ತಾಗಿಲ್ಲ.

ನನ್ನನ್ನು ಕೇಳಿದರೆ, ನಾಲ್ಕು ಜನರ ಗುಂಪಿಗೆ ಕ್ಯಾವಿಟಿ ತಂಟೆಯೇ ಬೇಡ, ಅದರಲ್ಲೂ ಬಯಲುಸೀಮೆಯಲ್ಲಿದ್ದರೆ. ಅಲ್ಲಿ ಕ್ರಾಸ್‌ಬ್ಯಾಂಡ್ ಸಾಕು. ಕಾಡು, ಮಳೆ ಎರಡೂ ಇರುವ ನಮ್ಮಂಥ ಊರಿಗೆ 2 ಮೀಟರ್ ರಿಪೀಟರೇ ಸರಿ, ಆದರೆ ತಿಂಗಳಿಗೊಮ್ಮೆ ಗುಡ್ಡ ಹತ್ತಲು ಒಬ್ಬ ತಯಾರಿರಬೇಕು. ಗಿಳಿ ಈಗ ಒಂದು ಚೀಲದಲ್ಲಿದೆ, ರ‍್ಯಾಲಿ ಡ್ಯೂಟಿಗೆ ಹೋಗುವಾಗ ಜೀಪಿಗೆ ಹಾಕಿಕೊಳ್ಳುತ್ತೇವೆ. ಮುಂದಿನ ಭಾನುವಾರ ಗುಡ್ಡ ಹತ್ತುವ ಸರದಿ ನನ್ನದು. ಮಳೆ ಹಿಡಿಯುವ ಮುಂಚೆ ಕನೆಕ್ಟರ್‌ಗಳಿಗೆಲ್ಲ ರಬ್ಬರ್ ಟೇಪ್ ಸುತ್ತಬೇಕು. ಹೋದ ವರ್ಷ ಸುತ್ತದೆ ಬಿಟ್ಟ ಒಂದೇ ಒಂದು ಕನೆಕ್ಟರಿನೊಳಗೆ ಇರುವೆಗಳು ಮೊಟ್ಟೆ ಇಟ್ಟಿದ್ದವು.