ಅತಿಥಿ ಪರದೆಯ ಮೇಲೆ, ನಾವು ಎಲ್ಲಿ?

ನಮ್ಮ ತಾಲ್ಲೂಕಿನ ರೋಟರಿ ಕ್ಲಬ್ಬಿಗೆ ಅತಿಥಿ ಭಾಷಣಕಾರರನ್ನು ಹುಡುಕಿ ತರುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಸದಸ್ಯರು ಮೂವತ್ತನಾಲ್ಕು, ವಾರದ ಸಭೆಗೆ ಬರುವವರು ಹದಿನೆಂಟೋ ಇಪ್ಪತ್ತೋ. ಸಭೆಯನ್ನು ಆನ್‌ಲೈನಿನಲ್ಲೂ ನಡೆಸಬಹುದೆಂದು ರೋಟರಿಯ ನಿಯಮ ರೂಪಿಸುವ ಮಂಡಳಿ 2016ರಲ್ಲೇ ಒಪ್ಪಿತ್ತು. ನಮಗೆ ಅದು ನೆನಪಾದದ್ದು ಕೊರೊನಾ ಬಂದು ಸಭಾಂಗಣಕ್ಕೆ ಬೀಗ ಬಿದ್ದ ಮೇಲೆ. ಆಗಿನಿಂದ ಮೂರು ಬಗೆಯನ್ನು ಮಾಡಿ ನೋಡಿದ್ದೇವೆ: ಎಲ್ಲರೂ ಮನೆಯಿಂದಲೇ ಸೇರುವುದು, ಅರ್ಧ ಜನ ಸಭಾಂಗಣದಲ್ಲಿ ಅರ್ಧ ಜನ ಮನೆಯಲ್ಲಿ ಕೂರುವುದು, ಎಲ್ಲರೂ ಸಭಾಂಗಣದಲ್ಲಿದ್ದು ಅತಿಥಿಯೊಬ್ಬರನ್ನು ಪರದೆಯ ಮೇಲೆ ಕರೆಸುವುದು.

ಮನೆಯಿಂದ ಸೇರುವ ಸಭೆಗೆ ಜೂಮ್, ಗೂಗಲ್ ಮೀಟ್ ಎರಡನ್ನೂ ಬಳಸಿದೆವು. ಹಣ ಕಟ್ಟದಿದ್ದರೆ ಜೂಮ್‌ನಲ್ಲಿ 40 ನಿಮಿಷ, ಮೀಟ್‌ನಲ್ಲಿ 60 ನಿಮಿಷ. ಎರಡರಲ್ಲೂ ನೂರು ಜನ ಹಿಡಿಸುತ್ತಾರೆ, ನಮಗೆ ಅದರ ಕಾಲು ಭಾಗ ಸಾಕು. ಆದರೆ ಆ ಇಪ್ಪತ್ತು ನಿಮಿಷ ನಮ್ಮಂಥವರಿಗೆ ಬಹಳ ದೊಡ್ಡದು. ಅಧ್ಯಕ್ಷರು ಗಂಟೆ ಬಾರಿಸಬೇಕು, ಪ್ರಾರ್ಥನೆಯಾಗಬೇಕು, ರೋಟರಿಯ ನಾಲ್ಕು ಪ್ರಶ್ನೆಗಳ ಫೋರ್ ವೇ ಟೆಸ್ಟ್ ಓದಬೇಕು, ಹುಟ್ಟುಹಬ್ಬ, ಮದುವೆಯ ದಿನಗಳಿಗೆ ಶುಭ ಕೋರಬೇಕು, ಕಾರ್ಯದರ್ಶಿಯ ವರದಿ ಕೇಳಬೇಕು. ಅತಿಥಿಯ ಪರಿಚಯಕ್ಕೆ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿರುತ್ತದೆ, ಪರಿಚಯಿಸುವವರು ಇನ್ನೈದು ನಿಮಿಷ ನುಂಗುತ್ತಾರೆ. ಮಣ್ಣು ಪರೀಕ್ಷೆಯ ಬಗ್ಗೆ ಮಾತನಾಡಲು ಒಪ್ಪಿ ಬಂದ ಕೃಷಿ ವಿಜ್ಞಾನಿಯೊಬ್ಬರಿಗೆ ನಾವು ಹೀಗೆ ಉಳಿಸಿದ್ದು ಹತ್ತೇ ನಿಮಿಷ. ಅವಧಿಯ ನಿಯಮ ಗೊತ್ತಿದ್ದೂ ಗಡಿಯಾರ ನೋಡದವರು ನಾವೇ. 40 ನಿಮಿಷಕ್ಕೆ ಜೂಮ್ ನಿಂತು, ಹೊಸ ಕೊಂಡಿ ಕಳಿಸಿದಾಗ ಮರಳಿ ಬಂದವರು ಒಂಬತ್ತು ಜನ. ಅಂದಿನಿಂದ ಮನೆಯಿಂದ ಸೇರುವ ಸಭೆಗಳೆಲ್ಲ ಮೀಟ್‌ನಲ್ಲಿ. ಜೂಮ್‌ನದೊಂದು ಗುಣ ಮಾತ್ರ ಈಗಲೂ ಬೇಕೆನಿಸುತ್ತದೆ: ಉಚಿತ ಖಾತೆಯಲ್ಲೂ ಸದಸ್ಯರನ್ನು ನಾಲ್ಕೈದು ಜನರ ಗುಂಪು ಮಾಡಿ ಬೇರೆ ಬೇರೆ ಕೋಣೆಗಳಿಗೆ ಕಳಿಸಬಹುದು. ಬಜೆಟ್ ಚರ್ಚೆಗೆ ಎರಡು ಸಲ ಹಾಗೆ ಮಾಡಿದೆವು, ಜಗಳವೂ ನಾಲ್ಕು ಭಾಗವಾಗಿ ಬೇಗ ಮುಗಿಯಿತು.

ಆ್ಯಪ್ ಯಾವುದೇ ಇರಲಿ, ಎಲ್ಲರ ಮೈಕ್ ತೆರೆದಿಟ್ಟು ರಾಷ್ಟ್ರಗೀತೆ ಹಾಡಿಸಬೇಡಿ. 52 ಸೆಕೆಂಡಿನ ಗೀತೆಯಲ್ಲಿ ಒಬ್ಬರು ‘ಜಯ ಹೇ’ ಮುಗಿಸಿ ಕುಳಿತಾಗ ಇನ್ನೊಬ್ಬರು ವಿಂಧ್ಯ ಹಿಮಾಚಲವನ್ನೂ ದಾಟಿರುವುದಿಲ್ಲ.

ಎರಡನೆಯ ಬಗೆ ಎಲ್ಲರಿಗೂ ಅನುಕೂಲವೆಂದು ಹೇಳಿ ನಾನೇ ಹಟ ಹಿಡಿದು ತಂದದ್ದು. ಮೂರರಲ್ಲಿ ಅದೇ ಕೆಟ್ಟದ್ದು. ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಅಧ್ಯಕ್ಷರ ಧ್ವನಿ ಕೇಳಿಸುತ್ತದೆ, ಹಿಂದಿನ ಸಾಲಿನವರದು ಕೇಳಿಸುವುದಿಲ್ಲ. ಸಭೆಯ ನಡುವೆ ಮಾಜಿ ಅಧ್ಯಕ್ಷರೊಬ್ಬರು ಮನೆಯಿಂದ ನನಗೆ ಫೋನ್ ಮಾಡಿ, “ಎಲ್ಲರೂ ಯಾಕೆ ನಕ್ಕರು ಮಾರಾಯರೇ?” ಎಂದು ಕೇಳಿದರು. ಇತ್ತ ಸಭಾಂಗಣದಲ್ಲಿ, ಎರಡು ಕಡೆಯೂ ಹಾಜರಿ ಬೀಳಲಿ ಎಂದು ಮುಂದಿನ ಸಾಲಿನ ಸದಸ್ಯರೊಬ್ಬರು ಮೊಬೈಲಿನಿಂದಲೂ ಸೇರಿದ್ದರಿಂದ ಸ್ಪೀಕರು ಊಳಿಡತೊಡಗಿತ್ತು.

ಮೂರನೆಯದಕ್ಕೆ ಖರ್ಚು ಹೆಚ್ಚು. ಪ್ರೊಜೆಕ್ಟರ್, ಧ್ವನಿಪೆಟ್ಟಿಗೆ, ಪ್ರಶ್ನೆ ಕೇಳುವವರಿಗೆ ಸ್ಟ್ಯಾಂಡಿನ ಮೇಲೊಂದು ಮೈಕ್, ಕರೆಂಟು ಹೋದರೆ ಯುಪಿಎಸ್ ಬೇಕು. ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿ ಕ್ಯಾಮೆರಾವನ್ನು ನಮ್ಮ ಕಡೆಗೇ ತಿರುಗಿಸಿಟ್ಟರೆ ಅತಿಥಿಗೆ ಮುಖಗಳು ಕಾಣಿಸುತ್ತವೆ. ಮನೆಯಿಂದ ಸೇರಿದಾಗ ಎರಡು ಪ್ರಶ್ನೆ ಬಂದರೆ ಹೆಚ್ಚಾಗಿತ್ತು. ಇಲ್ಲಿ ಒಬ್ಬರು ಎದ್ದು ಮೈಕಿನ ಬಳಿ ಹೋದರೆ ಅವರ ಹಿಂದೆ ಸಾಲೇ ನಿಲ್ಲುತ್ತದೆ. ಅತಿಥಿ ದೂರದವರಾದರೆ ನನ್ನ ಓಟು ಇದಕ್ಕೆ. ಕಾರ್ಯಕಾರಿ ಸಮಿತಿಯ ಸಭೆಗೆ ಮೀಟ್ ಸಾಕು.

ಅತಿಥಿ ಹತ್ತಿರದವರಾದರೆ ಪರದೆಯ ಗೊಡವೆಯೇ ಬೇಡ. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. ಆ ವಾರ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಬರುತ್ತಿದ್ದಾರೆ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧದ ಅಭಿಯಾನಕ್ಕೆ ಇಳಿಯಿತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. ಇದನ್ನೆಲ್ಲ ನಾವು ಪ್ರತಿ ವರ್ಷ ಭಾಷಣದಲ್ಲಿ ಹೇಳುತ್ತೇವೆ. ಲಸಿಕೆಯನ್ನು ಡಬ್ಬಿಯಲ್ಲಿ ತಣ್ಣಗಿಟ್ಟುಕೊಂಡು ಗುಡ್ಡ ಹತ್ತಿದವರು ಈ ಸಹಾಯಕಿ. ಆ ಡಬ್ಬಿಯನ್ನು ತರುತ್ತಾರಂತೆ, ಅದನ್ನು ಕೈಯಲ್ಲಿ ಹಿಡಿದು ನೋಡಬೇಕು.

ನವೆಂಬರ್ ಎರಡನೆಯ ವಾರದ ಅತಿಥಿ ನ್ಯೂಜೆರ್ಸಿಯಲ್ಲಿ ಕುಡಿಯುವ ನೀರಿನ ಶುದ್ಧೀಕರಣದ ಕೆಲಸ ಮಾಡುವ ಕನ್ನಡಿಗ ಎಂಜಿನಿಯರ್. ಹೋದ ವರ್ಷವೂ ಅವರನ್ನೇ ಕರೆದಿದ್ದೆವು. ನಮ್ಮ ಸಂಜೆ ಏಳೂವರೆ ಅವರಿಗೆ ಬೆಳಿಗ್ಗೆ ಹತ್ತು ಎಂದು ಅಕ್ಟೋಬರಿನಲ್ಲಿ ಲೆಕ್ಕ ಹಾಕಿ ಬರೆದಿದ್ದೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ ಎಂಬುದು ಹೊಳೆದಿರಲಿಲ್ಲ. ಅವರು ತಮ್ಮ ಹತ್ತು ಗಂಟೆಗೆ ಸರಿಯಾಗಿ ಬಂದರು, ಇಲ್ಲಿ ಎಂಟೂವರೆ. ಅಷ್ಟರಲ್ಲಿ ಉಪ್ಪಿಟ್ಟು ಖಾಲಿಯಾಗಿ ಅರ್ಧ ಜನ ಮನೆ ಸೇರಿದ್ದರು. ಈ ಬಾರಿ ಪತ್ರದಲ್ಲಿ ಎರಡೂ ಊರುಗಳ ಸಮಯ ಬರೆದಿದ್ದೇನೆ: ಇಲ್ಲಿ ಏಳೂವರೆ, ಅಲ್ಲಿ ಒಂಬತ್ತು. ಉಪ್ಪಿಟ್ಟನ್ನು ಭಾಷಣ ಮುಗಿದ ಮೇಲೆಯೇ ತರಬೇಕೆಂದು ಅಡುಗೆಯವರಿಗೂ ಹೇಳಿಯಾಗಿದೆ.