ನಿದ್ದೆ ಬಾರದ ಹ್ಯಾಕಿಂಟೋಷ್: ಮೂರು ಮಳೆಗಾಲದ ಅನುಭವ

ಮಡಿಕೇರಿ ಕಡೆ ಮದುವೆ ವಿಡಿಯೋ ಎಡಿಟ್ ಮಾಡುವವನು ನಾನು. ಮ್ಯಾಕ್‌ನಲ್ಲಿ ಮಾತ್ರ ಓಡುವ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೋ ಬಿಟ್ಟರೆ ಬೇರೆಯದರಲ್ಲಿ ಕೈ ಓಡುವುದಿಲ್ಲ. 2022ರ ಕೊನೆಯಲ್ಲಿ ಮ್ಯಾಕ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಬಿಡಿ ಭಾಗ ತಂದು ಪಿಸಿ ಜೋಡಿಸಿ, ಓಪನ್‌ಕೋರ್ ಅನ್ನುವ ಬೂಟ್ ಸಾಫ್ಟ್‌ವೇರ್ ಮೂಲಕ ಆಪಲ್‌ನ ಮ್ಯಾಕ್ ಓಎಸ್ ವೆಂಚುರಾ ಹಾಕಿದೆ. ಹೀಗೆ ಮ್ಯಾಕ್ ಓಎಸ್ ಓಡಿಸುವ ಸಾದಾ ಪಿಸಿಗೇ ಹ್ಯಾಕಿಂಟೋಷ್ ಅನ್ನುವುದು. ಆಪಲ್ ಲೈಸೆನ್ಸ್ ಪ್ರಕಾರ ಮ್ಯಾಕ್ ಓಎಸ್ ಆಪಲ್ ಯಂತ್ರಕ್ಕೆ ಮಾತ್ರ. ಗೊತ್ತಿದ್ದೇ ಹಾಕಿದ್ದು.

ಮ್ಯಾಕ್ ಓಎಸ್‌ಗೆ ಹೊಂದುತ್ತದಾ ಇಲ್ವಾ ಅಂತ ಎಲ್ಲರೂ ನೋಡುವುದು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡನ್ನೇ. ನಾನೂ ಅಷ್ಟೇ. ಇಂಟೆಲ್ ಐ5-10400 ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕಾರ್ಡ್. ಗೆಳೆಯನೊಬ್ಬ ಜಿಟಿಎಕ್ಸ್ 1060 ಕಾರ್ಡ್ ಕಡಿಮೆಗೆ ಕೊಡ್ತೀನಿ ಅಂದ. ಅದಕ್ಕೆ ಹಳೇ ಮ್ಯಾಕ್ ಓಎಸ್ ಹೈ ಸಿಯೆರಾ ಆದಮೇಲೆ ಡ್ರೈವರ್ರೇ ಇಲ್ಲ, ಬೇಡ ಅಂದೆ. ಆರ್‌ಎಕ್ಸ್ 550 ಇನ್ನೂ ಮೋಸ. ಡಬ್ಬದ ಮೇಲೆ ಹೆಸರು ಒಂದೇ, ಒಳಗೆ ಮ್ಯಾಕ್ ಓಎಸ್ ಒಪ್ಪದ ಲೆಕ್ಸಾ ಚಿಪ್ ಸಿಕ್ಕಿದರೆ ದುಡ್ಡು ನೀರಿಗೆ. ಇಷ್ಟೆಲ್ಲ ಓದಿಕೊಂಡು ಜಾಣನ ಹಾಗೆ ಕೊಂಡೆ. ಎರಡನೇ ದಿನಕ್ಕೆ ಬೂಟ್ ಆಯಿತು, ಸೌಂಡ್ ಬಂತು, ಎಡಿಟಿಂಗೂ ಸಲೀಸು.

ಆದರೆ ಮಲಗಲಿಲ್ಲ.

ಸ್ಲೀಪ್ ಒತ್ತಿದರೆ ಪರದೆ ಆರುತ್ತಿತ್ತು. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಫ್ಯಾನ್ ಮತ್ತೆ ಗುರ್ ಅನ್ನುತ್ತಿತ್ತು. ಬೆಕ್ಕಿಗೆ ಮಾತ್ರ ಖುಷಿ, ಬೆಚ್ಚಗಿನ ಕ್ಯಾಬಿನೆಟ್ ಮೇಲೆ ರಾತ್ರಿಯಿಡೀ ನಿದ್ದೆ. “ಇದಕ್ಕೆ ನಿದ್ದೆನೇ ಬರಲ್ವಾ ಮಾರಾಯ?” ಅಂತ ಅಮ್ಮ ಕೇಳಿದ್ದು ಎಷ್ಟು ಸಲವೋ. ಜೂನ್ ಬಂತೆಂದರೆ ನಮ್ಮಲ್ಲಿ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಪಿಸಿ ಎಚ್ಚರವಾಗಿದ್ದರೆ ಬೆಳಗಿನ ಜಾವಕ್ಕೆ ಇನ್ವರ್ಟರ್ ಖಾಲಿ. ಅಮ್ಮ ಕತ್ತಲಲ್ಲಿ ಕಾಫಿ ಕಾಯಿಸಬೇಕು. ಬೈಗುಳ ನನಗೆ.

ಟರ್ಮಿನಲ್‌ನಲ್ಲಿ ಲಾಗ್ ತೆಗೆದು ನೋಡಿದೆ. ಎಬ್ಬಿಸುತ್ತಿದ್ದದ್ದು ಯುಎಸ್‌ಬಿ. ಮ್ಯಾಕ್ ಓಎಸ್ ಒಂದು ಕಂಟ್ರೋಲರ್‌ಗೆ ಹದಿನೈದೇ ಪೋರ್ಟ್ ಲೆಕ್ಕ ಹಿಡಿಯುತ್ತದೆ. ಹಿಂದುಗಡೆ ಕಾಣುವ ಒಂದು ನೀಲಿ ಪೋರ್ಟ್ ಅದರ ಲೆಕ್ಕದಲ್ಲಿ ಎರಡು, ಯುಎಸ್‌ಬಿ 2ಕ್ಕೆ ಒಂದು, 3ಕ್ಕೆ ಒಂದು. ನನ್ನ ಮದರ್‌ಬೋರ್ಡ್‌ನಲ್ಲಿ ಹದಿನೈದು ಎಂದೋ ದಾಟಿತ್ತು. ಒಂದು ಭಾನುವಾರ ವಿಂಡೋಸ್‌ನಲ್ಲಿ, ಪೋರ್ಟ್‌ಗಳ ಪಟ್ಟಿ ಮಾಡುವ ಯುಎಸ್‌ಬಿ ಟೂಲ್‌ಬಾಕ್ಸ್ ತೆರೆದು ಕೂತೆ. ಕೈಯಲ್ಲಿ ಒಂದು ಹಳೇ ಯುಎಸ್‌ಬಿ 2 ಪೆನ್‌ಡ್ರೈವ್, ಒಂದು ಹೊಸ ಯುಎಸ್‌ಬಿ 3. ಪ್ರತಿ ತೂತಿಗೂ ಎರಡನ್ನೂ ಚುಚ್ಚು, ಪರದೆಯಲ್ಲಿ ಯಾವ ಸಾಲು ಬೆಳಗಿತು ನೋಡು, ಪುಸ್ತಕದಲ್ಲಿ ಬರೆದುಕೋ. ಬೇಡದ ಪೋರ್ಟ್‌ಗಳನ್ನು ಲೆಕ್ಕದಿಂದ ತೆಗೆದೆ. ಬ್ಲೂಟೂತ್ ಕೂಡ ಒಳಗೆ ಒಂದು ಯುಎಸ್‌ಬಿ ಪೋರ್ಟ್ ಹಿಡಿದುಕೊಂಡಿರುತ್ತದೆ. ಅದನ್ನು ಇಂಟರ್ನಲ್ ಅಂತ ಗುರುತು ಮಾಡಿದ್ದೇ ತಡ, ಪಿಸಿ ಮಲಗಿತು. ನಂಬದೆ ಹತ್ತು ನಿಮಿಷ ಅದರ ಮುಂದೆ ಸುಮ್ನೆ ಕೂತಿದ್ದೆ.

ಈಗ ಬೆಳಿಗ್ಗೆ ಒಲೆ ಮೇಲೆ ಬೆಲ್ಲದ ಕಾಫಿ ಇಟ್ಟು ಬಂದು ಸ್ಪೇಸ್ ಬಾರ್ ಒತ್ತುತ್ತೇನೆ. ರಾತ್ರಿ ಬಿಟ್ಟ ಫ್ರೇಮ್‌ನಲ್ಲೇ, ವಾಲಗದವರ ಮುಖದ ಮೇಲೆ, ಟೈಮ್‌ಲೈನ್ ನಿಂತಿರುತ್ತದೆ. ಇದೊಂದಕ್ಕೇ ಐದು ಸ್ಟಾರ್ ಕೊಡುತ್ತಿದ್ದೆ.

ಕೊಡಲ್ಲ. 2023ರಲ್ಲಿ ಮ್ಯಾಕ್ ಓಎಸ್‌ನ ಮುಂದಿನ ಆವೃತ್ತಿ ಸೊನೋಮಾ ಬಂತು. ಹ್ಯಾಕಿಂಟೋಷ್‌ಗೇ ಅಂತ ಹುಡುಕಿ ತಂದಿದ್ದ ಬ್ರಾಡ್‌ಕಾಮ್ ವೈಫೈ ಕಾರ್ಡ್‌ನ ಬೆಂಬಲ ಅದರಲ್ಲಿ ಇಲ್ಲ. ಪ್ಯಾಚ್ ಮಾಡಬಹುದು, ನಿಜ. ಆದರೆ ಪ್ರತಿ ಅಪ್‌ಡೇಟ್‌ಗೂ ಆ ಪೂಜೆ ಮಾಡುವ ತಾಳ್ಮೆ ನನಗಿಲ್ಲ. ನನ್ನಂಥ ಇಂಟೆಲ್ ಪ್ರೊಸೆಸರ್ ಯಂತ್ರಗಳಿಗೆ 2025ರ ಮ್ಯಾಕ್ ಓಎಸ್ ತಾಹೋ ಕೊನೆಯದು ಅಂತಲೂ ಆಪಲ್ ಹೇಳಿಯಾಗಿದೆ.

ನನಗೆ ಮಾನಿಟರ್ ಬಿಟ್ಟು ಸುಮಾರು 45,000 ಖರ್ಚಾಗಿತ್ತು. ಆಪಲ್‌ನದೇ ಪುಟ್ಟ ಡೆಸ್ಕ್‌ಟಾಪ್, ಎಂ4 ಚಿಪ್‌ನ ಮ್ಯಾಕ್ ಮಿನಿ, 2024ರಲ್ಲಿ 59,900ಕ್ಕೆ ಬಂತು. ಇವತ್ತು ಹೊಸ ಭಾಗ ತಂದು ಜೋಡಿಸುತ್ತೇನೆ ಅನ್ನುವವರಿಗೆ ಬೇಡ ಅನ್ನುತ್ತೇನೆ. ಮನೆಯಲ್ಲಿ ಹತ್ತನೇ ಜನರೇಶನ್‌ನ ಪಿಸಿ ಆಗಲೇ ಇದ್ದರೆ ಮಾಡಿ ನೋಡಿ, ಮೊದಲು ಪೋರ್ಟ್ ಎಣಿಸಿ.

ನನ್ನದು ಇನ್ನೂ ವೆಂಚುರಾದಲ್ಲೇ ಇದೆ, ವೈಫೈಯೂ ಓಡುತ್ತಿದೆ. ಅಪ್‌ಡೇಟ್ ಇದೆ ಅಂತ ಕೆಂಪು ಚುಕ್ಕೆ ಇಟ್ಟುಕೊಂಡು ಕೂತಿದೆ. ಮುಟ್ಟಲ್ಲ. ಬೆಕ್ಕು ಅಡುಗೆಮನೆ ಒಲೆ ಪಕ್ಕಕ್ಕೆ ಜಾಗ ಬದಲಿಸಿದೆ.